ಹೆದ್ದಾರಿಯಲ್ಲೊಂದು ಕರೆ

ಧಾರವಾಡದಲ್ಲಿ ನನ್ನ ತಮ್ಮನ ಮಗಳ ಮದುವೆ. ಕಾರ್ತಿಕ ಮಾಸ ಕಳೆದು ಚಳಿ ಬಲಿಯುತ್ತಿದ್ದ ಒಂದು ಪ್ರಾತಃಕಾಲ, ಐದು ಗಂಟೆಗೆ ಸರಿಯಾಗಿ, ನಾವು ಐವರು ಬೆಂಗಳೂರಿನ ಮನೆಯಿಂದ ಕಾರಿನಲ್ಲಿ ಹೊರಟೆವು. ಕಾರು ನಡೆಸುವವನು ಮಗ. ಅವನ ಪಕ್ಕದಲ್ಲಿ ನಾನು. ಹಿಂದಿನ ಆಸನದಲ್ಲಿ ನಮ್ಮ ಮನೆಯವರು, ಸೊಸೆ ಮತ್ತು ಹನ್ನೊಂದು ವರ್ಷದ ಮೊಮ್ಮಗಳು. ಆಹೇರದ ಬಟ್ಟೆಗಳ ಚೀಲ, ರೊಟ್ಟಿಯ ಬುತ್ತಿ, ನೀರಿನ ಬಾಟಲಿಗಳು ಎಲ್ಲವೂ ಸಜ್ಜಾಗಿದ್ದವು. ಹೊರಡುವ ಮುನ್ನ ಮೊಮ್ಮಗಳು ತನ್ನ ಶಾಲೆಯ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಮೂರು ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡಳು: 112, 1033, 108. ಅದೇಕೆ ಬರೆದುಕೊಂಡಳು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಈ ದಾರಿಯನ್ನು ನಾನು ಕಳೆದ ನಲವತ್ತು ವರ್ಷಗಳಲ್ಲಿ ಎಷ್ಟು ಸಲ ಕ್ರಮಿಸಿದ್ದೇನೋ ಲೆಕ್ಕವಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿಲೋಮೀಟರು. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ ಎಂದು ಊರುಗಳ ಹೆಸರುಗಳು ನಮ್ಮ ಪೀಳಿಗೆಯವರಿಗೆ ಬಾಯಿಪಾಠ. ಮೊದಲು ಇದು 4ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟ ತರುವಾಯ ದಿಲ್ಲಿಯಿಂದ ಚೆನ್ನೈಗೆ ಹೋಗುವ 48ನೆಯ ಹೆದ್ದಾರಿಯ ಒಂದು ಭಾಗವಾಯಿತು. ಹಿಂದೆ ಎರಡು ವಾಹನಗಳು ಎದುರುಬದುರಾದರೆ ಒಂದು ಮಣ್ಣಿಗೆ ಇಳಿಯಬೇಕಾಗುತ್ತಿದ್ದ ರಸ್ತೆ, ಸುವರ್ಣ ಚತುಷ್ಕೋನ ಯೋಜನೆಯ ಫಲವಾಗಿ ನಡುವೆ ವಿಭಜಕವುಳ್ಳ ವಿಶಾಲ ಮಾರ್ಗವಾಯಿತು. ಹನ್ನೆರಡು ತಾಸಿನ ಪ್ರಯಾಣ ಏಳೆಂಟು ತಾಸಿಗೆ ಇಳಿಯಿತು. ಆದರೆ ವೇಗದೊಂದಿಗೆ ಅಪಾಯವೂ ಬಂದಿತು.

ಹಳೆಯ ಕಾಲದ ಒಂದು ರಾತ್ರಿ ನನಗೆ ಈಗಲೂ ನೆನಪಿದೆ. ನಾನಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಹಿರಿಯೂರಿನ ಸಮೀಪ ನಮ್ಮ ಬಸ್ಸು ನಿಂತಿತು. ಹಾದಿಯ ಬದಿಯಲ್ಲಿ ಜೀಪೊಂದು ಮಗುಚಿ ಬಿದ್ದಿತ್ತು. ಒಳಗಿದ್ದವರು ನರಳುತ್ತಿದ್ದರು. ಕಂಡಕ್ಟರು ಅತ್ತಿತ್ತ ನೋಡಿ, 'ಇಲ್ಲೆಲ್ಲಿಯ ಫೋನು? ಮುಂದಿನ ಊರಿಗೆ ಹೋಗಿಯೇ ಪೊಲೀಸರಿಗೆ ಹೇಳಬೇಕು' ಎಂದರು. ಇಬ್ಬರನ್ನು ನಮ್ಮ ಬಸ್ಸಿನಲ್ಲಿಯೇ ಮಲಗಿಸಿಕೊಂಡೆವು. ಉಳಿದವರ ಬಳಿ ಕೆಲವು ಪ್ರಯಾಣಿಕರು ಇಳಿದು ನಿಂತರು. ಆ ಕಾಲದಲ್ಲಿ ಸುದ್ದಿಯು ಬಸ್ಸಿನ ವೇಗದಲ್ಲಿ ಮಾತ್ರ ಸಾಗುತ್ತಿತ್ತು. ಎಸ್.ಟಿ.ಡಿ. ಬೂತಿನ ಬಾಗಿಲು ರಾತ್ರಿ ಹತ್ತಕ್ಕೆ ಮುಚ್ಚಿದರೆ ಮುಗಿಯಿತು. ಆ ರಾತ್ರಿ ಯಾರು ಉಳಿದರು, ಯಾರು ಅಳಿದರು ಎಂಬುದು ನನಗೆ ತಿಳಿಯಲಿಲ್ಲ. ಸಹಾಯ ಮಾಡುವ ಮನಸ್ಸು ಅಂದು ಬಸ್ಸಿನ ತುಂಬ ಇತ್ತು. ಸಾಧನ ಮಾತ್ರ ಇರಲಿಲ್ಲ.

ಇಂದು ಸಾಧನವು ಪ್ರತಿಯೊಬ್ಬರ ಜೇಬಿನಲ್ಲಿದೆ. ಮನಸ್ಸಿನ ವಿಷಯವನ್ನು ಮುಂದೆ ಹೇಳುತ್ತೇನೆ.

ನೆಲಮಂಗಲವನ್ನು ದಾಟುವಾಗ ಇನ್ನೂ ಕತ್ತಲೆಯಿತ್ತು. ಈ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ ಹರೀಶ್ ಎಂಬ ತರುಣನ ನೆನಪಾಗುತ್ತದೆ. 2016ರ ಫೆಬ್ರವರಿ 16ರಂದು ತನ್ನ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಹಿಂದಿರುಗುತ್ತಿದ್ದ ಆತ, ನೆಲಮಂಗಲದ ಬಳಿ ಲಾರಿಗೆ ಸಿಲುಕಿದ. ದೇಹ ಎರಡು ತುಂಡಾಗಿತ್ತು. ಅಂತಹ ಸ್ಥಿತಿಯಲ್ಲಿಯೂ ಆತ ತನ್ನ ಅಂಗಾಂಗಗಳನ್ನು ದಾನ ಮಾಡುವಂತೆ ಸುತ್ತಲಿನವರನ್ನು ಬೇಡಿಕೊಂಡ. ಆತನ ಕಣ್ಣುಗಳು ದಾನವಾಗಿ ಸಂದವು. ಮರುತಿಂಗಳೇ ರಾಜ್ಯ ಸರಕಾರವು ಆತನ ಹೆಸರಿನಲ್ಲಿ 'ಮುಖ್ಯಮಂತ್ರಿ ಸಾಂತ್ವನ ಹರೀಶ್' ಯೋಜನೆಯನ್ನು ಆರಂಭಿಸಿ, ರಾಜ್ಯದ ರಸ್ತೆಗಳಲ್ಲಿ ಗಾಯಗೊಂಡವರಿಗೆ ಮೊದಲ 48 ತಾಸುಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗಿನ ವೆಚ್ಚವನ್ನು ವಹಿಸಿಕೊಂಡಿತು. ಸಾಯುವ ಕ್ಷಣದಲ್ಲಿಯೂ ಅನ್ಯರನ್ನು ನೆನೆದ ಆ ಹುಡುಗನ ಮುಂದೆ, ಕ್ಷೇಮವಾಗಿ ಕಾರಿನಲ್ಲಿ ಕುಳಿತು ಸಾಗುವ ನಾವು ಎಷ್ಟು ಜನರನ್ನು ನೆನೆಯುತ್ತೇವೆ ಎಂದು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ದಾಬಸ್‌ಪೇಟೆ ಹಿಂದಾಯಿತು. ಶಿವಗಂಗೆಯ ಬೆಟ್ಟ ಮಂಜಿನಲ್ಲಿ ಅರೆಬರೆಯಾಗಿ ಕಂಡಿತು. ಕ್ಯಾತ್ಸಂದ್ರದ ಬಳಿ ಸಿದ್ಧಗಂಗೆಯ ಕಡೆಗೆ ತಿರುಗಿ ಎಲ್ಲರೂ ಕುಳಿತಲ್ಲಿಂದಲೇ ಕೈಮುಗಿದೆವು. ತುಮಕೂರು ದಾಟಿ ಶಿರಾದ ಬಯಲಿಗೆ ಬಂದಾಗ ಬೆಳಕು ಹರಿಯಿತು. ಅಲ್ಲಿಂದ ಮುಂದಕ್ಕೆ ಹಿರಿಯೂರಿನವರೆಗಿನ ದಾರಿ ನೇರವಾದದ್ದು. ಎರಡೂ ಬದಿಗೆ ಕುರುಚಲು ಗಿಡಗಳ ಬಯಲು, ಅಲ್ಲಲ್ಲಿ ತೆಂಗಿನ ತೋಟ. ನೋಡುವವರಿಗೆ ಇದು ಪ್ರಶಾಂತವಾದ ಸೀಮೆ. ನನಗೆ ಮಾತ್ರ ಈ ಭಾಗ ಬಂದೊಡನೆ ಎದೆ ಭಾರವಾಗುತ್ತದೆ.

ಮೂರು ವರ್ಷಗಳ ಹಿಂದಿನ ಮಾತು. ಧಾರವಾಡದಿಂದ ಬೆಂಗಳೂರಿಗೆ ಮರಳುತ್ತಿದ್ದೆವು. ರಾತ್ರಿ ಹತ್ತು ಗಂಟೆ ಮೀರಿತ್ತು. ಹಿರಿಯೂರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಒಮ್ಮೆಲೇ ನಮ್ಮ ಕಾರಿನ ಬೆಳಕಿನಲ್ಲಿ ಕಪ್ಪು ಗೋಡೆಯಂತೆ ಒಂದು ಆಕೃತಿ ಎದ್ದು ನಿಂತಿತು. ಕೆಟ್ಟು ನಿಂತ ಲಾರಿ ಅದು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ನಾಲ್ಕು ಕಲ್ಲು, ಎರಡು ಮುಳ್ಳಿನ ಕೊಂಬೆ ಇಟ್ಟು ಚಾಲಕ ಎಲ್ಲಿಗೋ ಹೋಗಿದ್ದ. ಮಗ ಹೇಗೋ ಕಾರನ್ನು ಬಲಕ್ಕೆ ಎಳೆದು ಪಾರುಮಾಡಿದ. ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಆಗ ಎಂಟು ವರ್ಷದವಳಾಗಿದ್ದ ಮೊಮ್ಮಗಳು ಹಿಂದಿನಿಂದ ಕೇಳಿದಳು: 'ಅಜ್ಜಾ, ಆ ಲಾರಿಗೆ ಲೈಟೇ ಇರಲಿಲ್ಲ. ನಮ್ಮ ಹಿಂದೆ ಬರೋರಿಗೆ ಹೇಗೆ ಕಾಣುತ್ತೆ? ಯಾರಿಗಾದ್ರೂ ಹೇಳಬೇಕಲ್ವಾ?'

ನಾನು, 'ಯಾರಾದರೂ ತಿಳಿಸಿರುತ್ತಾರಮ್ಮಾ, ನೀ ಮಲಗು' ಎಂದೆ.

ಮರುದಿನ ಮಧ್ಯಾಹ್ನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಿತ್ತು. ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಲಾರಿಗೆ ಹಿಂದಿನಿಂದ ಬೈಕು ಡಿಕ್ಕಿ ಹೊಡೆದು ಒಬ್ಬ ಸವಾರನ ಸಾವು. ಅದೇ ಸೀಮೆ, ಅದೇ ರಾತ್ರಿ. ಅದು ನಾವು ಕಂಡ ಲಾರಿಯೇ ಹೌದೋ ಅಲ್ಲವೋ ನನಗೆ ತಿಳಿಯದು. ಬೇರೆಯದೇ ಇರಬಹುದೆಂದು ನಂಬಲು ಎಷ್ಟೋ ಸಲ ಯತ್ನಿಸಿದ್ದೇನೆ. ಆದರೆ ಮಗುವಿಗೆ ನಾನು ಕೊಟ್ಟ ಉತ್ತರ ಮಾತ್ರ ನನ್ನದೇ. ನಾಲ್ವರು ದೊಡ್ಡವರ ಬಳಿ ನಾಲ್ಕು ಫೋನುಗಳಿದ್ದವು. ಒಂದು ಕರೆ ಮಾಡಲು ಎರಡು ನಿಮಿಷ ಸಾಕಾಗಿತ್ತು. ನಮ್ಮ ಹಿಂದೆ ಬಂದ ಪ್ರತಿಯೊಬ್ಬರೂ ಬಹುಶಃ ನನ್ನಂತೆಯೇ 'ಯಾರಾದರೂ ತಿಳಿಸಿರುತ್ತಾರೆ' ಎಂದುಕೊಂಡು ಮುಂದೆ ಸಾಗಿರಬೇಕು. ಎಲ್ಲರೂ ಹಾಗೆಂದುಕೊಂಡರೆ ತಿಳಿಸುವವರು ಯಾರು?

ಆ ದಿನದಿಂದ ನಾನು ಈ ಸಹಾಯವಾಣಿಗಳ ವಿಷಯವನ್ನು ಓದಿ ತಿಳಿಯತೊಡಗಿದೆ. ತುರ್ತು ಕರೆಗೆಂದೇ ಒಂದು ಸುಲಭ ಸಂಖ್ಯೆ ಹುಟ್ಟಿದ ಬಗೆ ಮನಮುಟ್ಟುವಂತಹದು. ಲಂಡನ್ ನಗರದ ವಿಂಪೋಲ್ ಬೀದಿಯ ಒಂದು ಮನೆಯಲ್ಲಿ 1935ರ ನವೆಂಬರ್ 10ರಂದು ಬೆಂಕಿ ಬಿದ್ದು ಐವರು ಹೆಣ್ಣುಮಕ್ಕಳು ತೀರಿಕೊಂಡರು. ನೆರೆಮನೆಯವರು ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರೂ, ದೂರವಾಣಿ ವಿನಿಮಯ ಕೇಂದ್ರದಲ್ಲಿ ಅವರ ಕರೆ ಇತರ ಕರೆಗಳ ಸಾಲಿನಲ್ಲಿ ಕಾದು ನಿಂತಿತ್ತು. ಆ ನೆರೆಯವರು ಸುಮ್ಮನಾಗದೆ ಪತ್ರಿಕೆಗೆ ಬರೆದರು. ಸರಕಾರದ ವಿಚಾರಣೆ ನಡೆದು 1937ರ ಜೂನ್ 30ರಂದು 999 ಎಂಬ ಸಂಖ್ಯೆ ಬಳಕೆಗೆ ಬಂದಿತು. ನೆರೆಮನೆಯ ದುಃಖವನ್ನು ತನ್ನದೆಂದು ತಿಳಿದ ಒಬ್ಬ ವ್ಯಕ್ತಿಯ ತಳಮಳದಿಂದ ಒಂದು ದೊಡ್ಡ ವ್ಯವಸ್ಥೆಗೆ ದಾರಿಯಾಯಿತು.

ನಮ್ಮ ದೇಶದಲ್ಲಿ 108ರ ಆಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಮೊದಲಾಯಿತು. ಕರ್ನಾಟಕಕ್ಕೆ ಅದು 2008ರ ನವೆಂಬರ್‌ನಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಬಂದಿತು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿ 2018ರಲ್ಲಿ ಆರಂಭವಾಯಿತು. ಅಪಘಾತ, ಕೆಟ್ಟು ನಿಂತ ವಾಹನ, ರಸ್ತೆಯಲ್ಲಿ ಬಿದ್ದ ಮರ ಅಥವಾ ಸರಕು, ಗುಂಡಿ, ದಾರಿಗೆ ಅಡ್ಡ ಬರುವ ದನಕರು ಇವೆಲ್ಲವನ್ನೂ ಹಗಲಿರುಳೆನ್ನದೆ ಈ ಸಂಖ್ಯೆಗೆ ತಿಳಿಸಬಹುದು. ಟೋಲ್ ಇರುವ ಹೆದ್ದಾರಿಗಳಲ್ಲಿ ಆಂಬುಲೆನ್ಸ್, ಕ್ರೇನ್ ಮತ್ತು ಗಸ್ತು ವಾಹನಗಳನ್ನು ಇಡುವ ಏರ್ಪಾಡಿದೆ. ನಾವು ಕಟ್ಟುವ ಟೋಲಿನಲ್ಲಿ ಅದರ ಪಾಲೂ ಸೇರಿದೆ. 112 ಎಂಬುದು ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ನೆರವು ಮೂರನ್ನೂ ಒಂದೇ ಕಡೆ ಕೂಡಿಸಿದ ಸಂಖ್ಯೆ. ಕರ್ನಾಟಕದಲ್ಲಿ ಇದು 2019ರಲ್ಲಿ ಜಾರಿಗೆ ಬಂದಿತು. ಕುಡಿದು ನಡೆಸುವವರು, ವಿರುದ್ಧ ದಿಕ್ಕಿನಿಂದ ನುಗ್ಗುವವರು, ಎರ್ರಾಬಿರ್ರಿ ಓಡಿಸುವವರು ಕಂಡರೆ ತಿಳಿಸಬೇಕಾದದ್ದು ಇಲ್ಲಿಗೆ.

ಹಿರಿಯೂರಿನಲ್ಲಿ ವೇದಾವತಿಯನ್ನು ದಾಟಿದೆವು. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದು ಹೇಳಿದಾಗ ಮೊಮ್ಮಗಳು ಬೆರಗಾದಳು. ಚಿತ್ರದುರ್ಗ ಸಮೀಪಿಸಿದಂತೆ ಬೆಟ್ಟಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿರುವುದು ಕಂಡಿತು. ಕೋಟೆಯ ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಆದರೆ ನಮ್ಮ ಕಾರಿನೊಳಗೆ ಎಲ್ಲರ ಕಣ್ಣೂ ರಸ್ತೆಯ ಅಂಚಿನಲ್ಲಿತ್ತು. ಮೂರು ವರ್ಷಗಳಿಂದ ನಾನು ಮೊಮ್ಮಗಳಿಗೆ ಕಲಿಸಿದ ಆಟವದು. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿ. ರಾಜ್ಯ ಹೆದ್ದಾರಿಯದು ಹಸಿರು. ಹಳದಿ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಸಣ್ಣ ಕಲ್ಲುಗಳೂ ಇರುತ್ತವೆ. ಕಲ್ಲು ಕಂಡೊಡನೆ ಅದರ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಮುಂದಿನ ಕಲ್ಲು ಬರುವವರೆಗೆ ಅದನ್ನು ನೆನಪಿನಲ್ಲಿಡಬೇಕು.

ಇದು ಬರಿಯ ಆಟವಲ್ಲ. ಸಹಾಯವಾಣಿಗೆ ಕರೆ ಮಾಡಿದವರು ತಡವರಿಸುವುದು 'ನೀವು ಎಲ್ಲಿದ್ದೀರಿ?' ಎಂಬ ಮೊದಲ ಪ್ರಶ್ನೆಗೇ. 'ಇಲ್ಲೇ, ಹೈವೇ ಮೇಲೆ' ಎಂದರೆ ನಾಲ್ಕುನೂರು ಕಿಲೋಮೀಟರಿನ ರಸ್ತೆಯಲ್ಲಿ ಆಂಬುಲೆನ್ಸ್ ಎಲ್ಲಿಗೆ ಬರಬೇಕು? ಕರೆ ಬಂದ ನೆಲೆ ಯಂತ್ರಕ್ಕೆ ಸ್ಥೂಲವಾಗಿ ತಿಳಿಯಬಹುದು. ಆದರೂ ಕಲ್ಲಿನ ಅಂಕಿ, ಹಿಂದೆ ದಾಟಿದ ಊರು ಅಥವಾ ಟೋಲ್ ನಾಕಾದ ಹೆಸರು ಹೇಳಿದರೆ ಹುಡುಕಾಟ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದದ್ದು ದಿಕ್ಕು. ನಡುವೆ ವಿಭಜಕವಿರುವ ರಸ್ತೆಯಲ್ಲಿ, ಬೆಂಗಳೂರಿಗೆ ಹೋಗುವ ಬದಿಯೋ ಹುಬ್ಬಳ್ಳಿಗೆ ಹೋಗುವ ಬದಿಯೋ ಎಂದು ಹೇಳದಿದ್ದರೆ, ಬಂದ ವಾಹನವು ಗಾಯಾಳುವನ್ನು ಎದುರಿಗೇ ಕಂಡರೂ ಮುಂದಿನ ತಿರುವಿನವರೆಗೆ ಹೋಗಿ ಸುತ್ತಿ ಬರಬೇಕಾಗುತ್ತದೆ. ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು ನಮ್ಮ ಮೋಟಾರು ವಾಹನ ಕಾಯ್ದೆಯೇ 'ಸುವರ್ಣ ಗಂಟೆ' ಎಂದು ಕರೆದಿದೆ. ಆ ಒಂದು ಗಂಟೆಯಲ್ಲಿ ಹತ್ತು ನಿಮಿಷ ಹುಡುಕಾಟಕ್ಕೆ ಹೋದರೂ ನಷ್ಟ ಜೀವಕ್ಕೇ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು, ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಕಡೆಗೆ ಸಾಗಿದೆವು. ಹೊಲಗಳಲ್ಲಿ ಮೆಕ್ಕೆಜೋಳದ ಕಟಾವು ಮುಗಿದು ಎಲ್ಲೆಲ್ಲೂ ಹಳದಿ ರಾಶಿಗಳು. ಆಗ ನಮ್ಮ ಮುಂದೆ ಮೂಟೆಗಳನ್ನು ಎತ್ತರಕ್ಕೆ ಹೇರಿಕೊಂಡ ಲಾರಿಯೊಂದು ಹೋಗುತ್ತಿತ್ತು. ಅದು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುತ್ತ ವಿಭಜಕದ ಹತ್ತಿರ ಹೋಗಿ, ಒಮ್ಮೆಲೇ ಬೆಚ್ಚಿದಂತೆ ಎಡಕ್ಕೆ ತಿರುಗುತ್ತಿತ್ತು. ಎರಡನೆಯ ಸಲ ಹಾಗಾದಾಗ ಒಂದು ಬೈಕು ಕೂದಲೆಳೆಯಲ್ಲಿ ಪಾರಾಯಿತು.

'112ಕ್ಕೆ ಫೋನ್ ಮಾಡ್ತೀನಿ' ಎಂದು ಸೊಸೆ ಫೋನು ತೆಗೆದಳು.

ಮಗ ತಡೆದ. 'ಬ್ಯಾಡ ಬಿಡು. ಪಾಪ, ದುಡಿಯೋ ಮನಿಷ್ಯಾ. ಪೊಲೀಸರು ಹಿಡಿದು ದಂಡ ಹಾಕ್ತಾರ. ಅವನ ಹೊಟ್ಟಿ ಮ್ಯಾಲ ಯಾಕ ಹೊಡೀಬೇಕು? ನಾವು ಹಿಂದ ಹಾಕಿ ಹೋದ್ರಾತು' ಎಂದ.

ಈ ಮಾತನ್ನು ಕೇವಲವಾಗಿ ತಳ್ಳಿಹಾಕುವಂತಿಲ್ಲ. ನಮ್ಮವರಲ್ಲಿ ಎಷ್ಟೋ ಜನ ಸುಮ್ಮನಿರುವುದು ಕ್ರೂರತನದಿಂದಲ್ಲ. ದೂರು ಕೊಡುವುದೆಂದರೆ ಚಾಡಿ ಹೇಳಿದಂತೆ, ಬಡವನ ಅನ್ನಕ್ಕೆ ಕಲ್ಲು ಹಾಕಿದಂತೆ ಎಂಬ ಅಳುಕು ಮನಸ್ಸಿನಲ್ಲಿರುತ್ತದೆ. ನಾನು ಉತ್ತರ ಹುಡುಕುತ್ತಿರುವಾಗಲೇ ನಮ್ಮ ಮನೆಯವರು ಹಿಂದಿನಿಂದ ಹೇಳಿದರು: 'ಅಲ್ಲೋ ತಮ್ಮಾ, ಅವಂಗ ನಿದ್ದಿ ಬಂದೈತಿ. ಅವನ ಅವ್ವ ಈ ಕಾರಿನ್ಯಾಗ ಕುಂತಿದ್ರ ಏನ್ ಮಾಡ್ತಿದ್ಲು? ಸುಮ್ಮನ ಹಿಂದ ಹಾಕಿ ಹೋಗ್ತಿದ್ಲೇನು?'

ಮಗ ಮರುಮಾತಾಡದೆ ವೇಗ ತಗ್ಗಿಸಿ ಲಾರಿಯಿಂದ ದೂರ ಉಳಿದ. ಸೊಸೆ ಕರೆ ಮಾಡಿದಳು. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲಿಯೇ ಒಂದೊಂದಾಗಿ ಕೇಳಿದರು. ಯಾವ ಹೆದ್ದಾರಿ, ಯಾವ ದಿಕ್ಕು, ಯಾವ ವಾಹನ, ನಂಬರೇನು, ಏನಾಗುತ್ತಿದೆ? ಮೊಮ್ಮಗಳು ಆಗತಾನೆ ಓದಿದ ಕಲ್ಲಿನ ಅಂಕಿಯನ್ನು ಕೂಗಿ ಹೇಳಿದಳು. ನಾನು ಲಾರಿಯ ನಂಬರನ್ನು ಓದಿದೆ. 'ನೀವು ಹಿಂದೆ ಹಾಕಲು ಹೋಗಬೇಡಿ, ಅಂತರ ಇಟ್ಟುಕೊಂಡು ಬನ್ನಿ' ಎಂದು ಆಕೆ ಎಚ್ಚರಿಸಿದರು. ಎಲ್ಲವೂ ಮುಗಿಯಲು ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಮೂರು ವರ್ಷಗಳ ಹಿಂದೆ ನಾನು ಉಳಿಸಿಕೊಂಡ ಎರಡು ನಿಮಿಷ ನೆನಪಾಗಿ ಗಂಟಲು ಕಟ್ಟಿತು.

ಮುಂದಿನ ಟೋಲ್ ನಾಕಾ ತಲುಪಿದಾಗ ಲಾರಿಯನ್ನು ಬದಿಗೆ ನಿಲ್ಲಿಸಲಾಗಿತ್ತು. ಗಸ್ತಿನ ಪೊಲೀಸರು ಪಕ್ಕದಲ್ಲಿದ್ದರು. ಚಾಲಕ ಮೂವತ್ತರ ಆಸುಪಾಸಿನವನು. ನಲ್ಲಿಯ ಕೆಳಗೆ ತಲೆಯೊಡ್ಡಿ ಮುಖ ತೊಳೆಯುತ್ತಿದ್ದ. ನಾವೂ ಕಾರು ನಿಲ್ಲಿಸಿದೆವು. ಅವನ ಉಸಿರಿನಲ್ಲಿ ಮದ್ಯದ ವಾಸನೆ ಇರಲಿಲ್ಲ. ಕಣ್ಣು ಮಾತ್ರ ಕೆಂಡದಂತಿದ್ದವು.

'ಎಷ್ಟು ಹೊತ್ತಾತು ತಮ್ಮಾ, ನಿದ್ದಿ ಮಾಡಿ?' ಎಂದು ಕೇಳಿದೆ.

'ಎರಡು ರಾತ್ರಿ ಆತ್ರೀ ಯಜಮಾನ್ರ. ಒಂದು ಲೋಡ್ ಇಳಿಸೂದ್ರಾಗ ಇನ್ನೊಂದು ಲೋಡ್ ತಯಾರಿತ್ತು. ಇಲ್ಲ ಅಂದ್ರ ಗಾಡಿ ಬ್ಯಾರೇದವ್ರಿಗೆ ಕೊಡ್ತಾರ.'

ಪೊಲೀಸಪ್ಪ ಗದರಲಿಲ್ಲ. 'ಕೀಲಿ ನನ್ನ ಹತ್ರ ಇರಲಿ. ಮೂರು ತಾಸು ಮಲಗಿ ಏಳು, ಆಮೇಲೆ ಹೋಗುವಿಯಂತೆ' ಎಂದು ಲಾರಿಗಳು ನಿಲ್ಲುವ ಜಾಗವನ್ನು ತೋರಿಸಿದರು. ನನಗೆ ಮುಚ್ಚಿಡುವುದು ಸರಿಯೆನಿಸಲಿಲ್ಲ. ತಿಳಿಸಿದವರು ನಾವೇ ಎಂದು ಹೇಳಿದೆ. ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತ. ಸಿಟ್ಟಾಗಿರಬೇಕೆಂದು ನಾನು ಭಾವಿಸಿದೆ. ಆಮೇಲೆ ಮೆಲ್ಲಗೆ, 'ಮನ್ಯಾಗ ಎರಡು ಸಣ್ಣ ಹುಡುಗ್ರದಾವ್ರೀ' ಎಂದನು. ನಮ್ಮ ಮನೆಯವರು ಬುತ್ತಿ ಬಿಚ್ಚಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿ ಅವನ ಕೈಗೆ ಕೊಟ್ಟರು. ಎಲ್ಲ ಕರೆಗಳೂ ಹೀಗೆ ಸುಖವಾಗಿ ಮುಗಿಯುತ್ತವೆಂದು ನಾನು ಹೇಳಲಾರೆ. ಕೆಲವೊಮ್ಮೆ ನೆರವು ತಡವಾಗಿ ಬರಬಹುದು. ಆದರೆ ಕರೆ ಮಾಡದಿದ್ದರೆ ಬರುವ ದಾರಿಯೇ ಇಲ್ಲ.

ಅಲ್ಲಿಂದ ಮುಂದೆ ಮಗನೇ ಮಾತು ತೆಗೆದ. ಅಪಘಾತದಲ್ಲಿ ಗಾಯಗೊಂಡವರನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಎಂಬ ಭಯ ಈಗಲೂ ಜನರಲ್ಲಿದೆಯಲ್ಲ ಎಂದು ಕೇಳಿದ. ಆ ಭಯಕ್ಕೆ ಈಗ ಆಧಾರವಿಲ್ಲ. ನೆರವಾಗುವವರ ರಕ್ಷಣೆಗಾಗಿ ಕೇಂದ್ರ ಸರಕಾರ ರೂಪಿಸಿದ ನಿಯಮಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮನ್ನು ಸೇರಿಸಲಾಯಿತು. ಒಳ್ಳೆಯ ಮನಸ್ಸಿನಿಂದ ನೆರವಾದವನು ತನ್ನ ಹೆಸರು ವಿಳಾಸ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ತಡೆದು ನಿಲ್ಲಿಸುವಂತಿಲ್ಲ, ಹಣ ಕಟ್ಟೆಂದು ಕೇಳುವಂತಿಲ್ಲ. ಗಾಯಾಳುವಿನ ಚಿಕಿತ್ಸೆಯ ಖರ್ಚಿಗೂ ದಾರಿಯಾಗಿದೆ. ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತಕ್ಕೊಳಗಾದವರಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಹಾವೇರಿ, ಬಂಕಾಪುರ, ಶಿಗ್ಗಾಂವಿ ದಾಟಿ ಹುಬ್ಬಳ್ಳಿಯ ಹೊರವಲಯಕ್ಕೆ ಬಂದೆವು. ಹುಬ್ಬಳ್ಳಿ ಧಾರವಾಡಗಳ ನಡುವಿನ ಬೈಪಾಸ್ ರಸ್ತೆಯ ಹೆಸರು ಕೇಳಿದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ಇಡೀ ಹೆದ್ದಾರಿ ಅಗಲವಾದ ಮೇಲೆಯೂ ಸುಮಾರು 30 ಕಿಲೋಮೀಟರಿನ ಈ ತುಂಡು ಮಾತ್ರ ವರ್ಷಗಟ್ಟಲೆ ಎರಡೇ ಪಥಗಳ ರಸ್ತೆಯಾಗಿ ಉಳಿದಿತ್ತು. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ ಬೆಳಿಗ್ಗೆ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಬಾಲ್ಯದ ಗೆಳತಿಯರ ಮಿನಿ ಬಸ್ಸು ಇಟಿಗಟ್ಟಿ ಗ್ರಾಮದ ಹತ್ತಿರ ಟಿಪ್ಪರ್ ಲಾರಿಗೆ ಮುಖಾಮುಖಿ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಶಾಲೆಯಲ್ಲಿ ಒಟ್ಟಿಗೆ ಕಲಿತವರು ಬಹುಕಾಲದ ನಂತರ ಕೂಡಿ ಹೊರಟ ಸಂತೋಷದ ಪ್ರವಾಸವದು. ಎಷ್ಟೋ ಮನೆಗಳಲ್ಲಿ ಹಬ್ಬದ ಸಂಭ್ರಮ ಮುಗಿಯುವ ಮುನ್ನವೇ ಕತ್ತಲೆ ಕವಿಯಿತು. ಆ ಮನೆಗಳವರು ರಸ್ತೆ ಅಗಲವಾಗಬೇಕೆಂದು ದನಿ ಎತ್ತಿದರು. ಆರು ಪಥಗಳ ಕಾಮಗಾರಿಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಆ ಸ್ಥಳವನ್ನು ದಾಟುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯ ಮೇಲೆ 1,68,491 ಜನ ಅಳಿದರೆಂಬ ಲೆಕ್ಕವನ್ನು ಓದುವಾಗ ಅದು ಬರಿಯ ಅಂಕಿಯೆನಿಸುತ್ತದೆ. ಇಟಿಗಟ್ಟಿಯ ಬಳಿ ಬಂದಾಗ ಅದು ಒಂದೊಂದು ಮನೆಯ ಅಂಗಳವಾಗಿ ಕಾಣುತ್ತದೆ.

ಒಂದು ಗಂಟೆಗೆ ಮದುವೆಯ ಮನೆ ತಲುಪಿದೆವು. ಹಂದರದ ಕೆಳಗೆ ಆಗಲೇ ನೆಂಟರು ನೆರೆದಿದ್ದರು. 'ಯಾಕ ಭಾವಾರ, ಇಷ್ಟು ತಡಾ?' ಎಂದು ತಮ್ಮನ ಹೆಂಡತಿ ಕೇಳಿದಾಗ, ನನಗಿಂತ ಮೊದಲು ಮೊಮ್ಮಗಳೇ ಎಲ್ಲವನ್ನೂ ಹೇಳಿದಳು. ಕೇಳಿದವರು ತಮ್ಮ ತಮ್ಮ ಕಥೆಗಳನ್ನು ತೆಗೆದರು. ಒಬ್ಬರು ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಹೋಗುವಾಗ ಹಿಂದಿನ ದೀಪವಿಲ್ಲದೆ ಆದ ಅನಾಹುತವನ್ನು ನೆನೆದರು. ಇನ್ನೊಬ್ಬರು ಪಾದಯಾತ್ರೆಯಲ್ಲಿ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದಾಗ ಬೈಕೊಂದು ತಾಗಿ ಬಿದ್ದದ್ದನ್ನು ಹೇಳಿದರು. ಯಾವ ಸಂಖ್ಯೆಗೆ ಕರೆ ಮಾಡಬೇಕೆಂದು ಅಂದು ಅವರ ಗುಂಪಿನಲ್ಲಿ ಯಾರಿಗೂ ತಿಳಿದಿರಲಿಲ್ಲವಂತೆ.

ಅದಕ್ಕಾಗಿಯೇ ನಮ್ಮ ಮನೆತನಗಳ ಹಿರಿಯರಲ್ಲಿಯೂ ತಾಯಂದಿರಲ್ಲಿಯೂ ನನ್ನದೊಂದು ವಿನಂತಿ. ಊರಿಗೆ ಹೊರಡುವಾಗ ಬುತ್ತಿ ಕಟ್ಟುವಂತೆ ಈ ಸಂಖ್ಯೆಗಳನ್ನೂ ಕಟ್ಟಿಕೊಳ್ಳಿರಿ. ಪ್ರಾಣಾಪಾಯವಿದ್ದರೆ ಅಥವಾ ಯಾರಾದರೂ ಅಪಾಯಕರವಾಗಿ ವಾಹನ ನಡೆಸುತ್ತಿದ್ದರೆ 112. ಗಾಯಾಳುಗಳಿಗೆ ಆಂಬುಲೆನ್ಸ್ ಬೇಕಾದರೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಕೆಟ್ಟು ನಿಂತಿದ್ದರೆ ಅಥವಾ ದಾರಿಗೆ ಅಡ್ಡಿಯಿದ್ದರೆ 1033. ವಾಹನ ನಡೆಸುವವರು ತಾವೇ ಫೋನು ಹಿಡಿಯಬಾರದು, ಪಕ್ಕದವರು ಮಾತನಾಡಲಿ. ಒಬ್ಬರೇ ಇದ್ದರೆ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಕರೆ ಮಾಡಲಿ. ಮೊದಲು ಸ್ಥಳ, ಆಮೇಲೆ ದಿಕ್ಕು, ಅನಂತರ ಏನಾಗಿದೆ ಮತ್ತು ಎಷ್ಟು ಜನರಿಗೆ ಪೆಟ್ಟಾಗಿದೆ ಎಂಬುದನ್ನು ಹೇಳಬೇಕು. ಆ ಕಡೆಯವರು ಮುಗಿಯಿತೆನ್ನುವವರೆಗೆ ಫೋನು ಇಡಬಾರದು. ಜಾತ್ರೆಗೆ, ಪಾದಯಾತ್ರೆಗೆ ಹೊರಡುವ ತಂಡಗಳು ಟ್ರ್ಯಾಕ್ಟರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಲಿ, ಗುಂಪಿನ ಇಬ್ಬರಿಗಾದರೂ ಈ ಸಂಖ್ಯೆಗಳು ಕಂಠಪಾಠವಿರಲಿ. ತಮಾಷೆಗಾಗಿ ಈ ಸಂಖ್ಯೆಗಳಿಗೆ ಕರೆ ಮಾಡಬಾರದೆಂಬುದನ್ನೂ ಮಕ್ಕಳಿಗೆ ತಿಳಿಹೇಳಬೇಕು. ಆ ಒಂದು ನಿಮಿಷದಲ್ಲಿ ಇನ್ನೊಬ್ಬರ ಕರೆ ಕಾಯುತ್ತಿರಬಹುದು.

ಸಂಜೆ ದೇವರ ಮನೆಯ ಪಕ್ಕದ ಗೋಡೆಯಲ್ಲಿ ತೂಗುಹಾಕಿದ್ದ ಪಂಚಾಂಗದ ಕ್ಯಾಲೆಂಡರಿನ ಮೇಲೆ ಮೊಮ್ಮಗಳು ಆ ಮೂರು ಸಂಖ್ಯೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಳು. ಮದುಮಗಳು ಪಕ್ಕದಲ್ಲಿ ನಿಂತು ತನ್ನ ಫೋನಿನಲ್ಲಿ ಬರೆದುಕೊಂಡಳು. ಮರುದಿನ ಮದುವೆ ಮುಗಿಸಿಕೊಂಡು ಅವಳೂ ಇದೇ ಹೆದ್ದಾರಿಯಲ್ಲಿ ದಾವಣಗೆರೆಯ ಗಂಡನ ಮನೆಗೆ ಹೋಗಬೇಕಾಗಿತ್ತು.

ಹಿಂದಿರುಗುವಾಗ ನಾವು ಹಗಲಿನಲ್ಲಿಯೇ ಹೊರಟೆವು. ಹಿರಿಯೂರು ದಾಟಿದ ಮೇಲೆ, ಮೂರು ವರ್ಷಗಳ ಹಿಂದೆ ಆ ಲಾರಿ ನಿಂತಿದ್ದ ಜಾಗ ಇಲ್ಲಿಯೇ ಎಲ್ಲೋ ಇರಬೇಕೆನಿಸಿತು. ಆ ರಾತ್ರಿ ಕಲ್ಲಿನ ಅಂಕಿಯನ್ನು ಯಾರೂ ಓದಿರಲಿಲ್ಲವಾದ್ದರಿಂದ ಸರಿಯಾದ ಸ್ಥಳ ನನಗೆ ಗೊತ್ತಿಲ್ಲ. ಮೊಮ್ಮಗಳು ಮಾತ್ರ ಕಿಟಕಿಗೆ ಮುಖವಿಟ್ಟು ಒಂದೊಂದು ಹಳದಿ ಕಲ್ಲನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದಳು.